ಬೋರೇಗೌಡರ ವ್ಯಾನಿನ ಎತ್ತರ

ಗಾಡಿ ಎತ್ತರ ಮಾಡಿಕೊಡಿ ಎಂದು ಬರುವವರು ಇವತ್ತಿಗೂ ಕಡಿಮೆಯಾಗಿಲ್ಲವಂತೆ. ಗ್ಯಾರೇಜು ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನನ್ನು ಹುಡುಕಿಕೊಂಡು ಬಂದು, ಗಾಡಿಯ ಭಾರ ಹೊರುವ ಕಮಾನಿಗೆ, ಅಂದರೆ ಉಕ್ಕಿನ ಸ್ಪ್ರಿಂಗಿಗೆ, ಪಟ್ಟಿ ಸೇರಿಸುವುದು ಒಳ್ಳೆಯದೋ, ಶ್ಯಾಕಲ್ ಉದ್ದ ಮಾಡುವುದು ಒಳ್ಳೆಯದೋ, ಬ್ಲಾಕು ಇಡುವುದು ಒಳ್ಳೆಯದೋ ಎಂದು ಕೇಳುತ್ತಾರೆ. ನಾನು ಹೇಳಿದ್ದನ್ನು ಕೇಳಿಸಿಕೊಂಡು ತಲೆಯಾಡಿಸಿ ಹೋಗುತ್ತಾರೆ. ಆ ಉತ್ತರ ನನಗೆ ಎಲ್ಲಿಂದ ಬಂತು ಎಂದು ಮಾತ್ರ ಯಾರೂ ಕೇಳಿಲ್ಲ. ಕೇಳಿದ್ದರೂ ನಿಂತ ನಿಲುವಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅದು. ಅದಕ್ಕೇ ಬರೆಯಲು ಕೂತಿದ್ದೇನೆ.

ನಮ್ಮದು ನಾಗಮಂಗಲ. ಅಪ್ಪ ನಂಜಾಚಾರಿ ಎತ್ತಿನ ಗಾಡಿ ಕಟ್ಟುತ್ತಿದ್ದರು. ಮರದ ಕೆಲಸ, ಕಬ್ಬಿಣದ ಕೆಲಸ ಎರಡೂ ಅವರ ಕೈಯಲ್ಲಿತ್ತು. ಗಾಡಿಚಕ್ರದ ನಡುವಿನ ಗುಂಭ ಕಡೆಯುವುದು, ಚಕ್ರಕ್ಕೆ ಕಾಯಿಸಿದ ಪಟ್ಟಾ ಇಳಿಸುವುದು, ಆಲೆಮನೆಯ ಗಾಣಕ್ಕೆ ಬೇಕಾದ ಹಲ್ಲುಚಕ್ರಗಳ ಮರದ ಮಾದರಿ ಕೆತ್ತಿ, ಮರಳಿನಲ್ಲಿ ಅದರ ಅಚ್ಚು ಒತ್ತಿ ಕಬ್ಬಿಣ ಹೊಯ್ಯುವ ಎರಕದವರಿಗೆ ಕೊಡುವುದು, ಇವೆಲ್ಲ ಮನೆಯ ಮುಂದಿನ ಚಪ್ಪರದಲ್ಲೇ ನಡೆಯುತ್ತಿದ್ದವು. ಲಾರಿಗಳು ಹೆಚ್ಚಾಗುತ್ತಾ ಬಂದು ಹೊಸ ಗಾಡಿ ಕಟ್ಟಿಸುವವರು ಕಡಿಮೆಯಾದಾಗ ಅಪ್ಪ ನನ್ನನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿ ಸತ್ತಾರ್ ಸಾಬರ ಗ್ಯಾರೇಜಿಗೆ ಬಿಟ್ಟರು. ಅದು ಐವತ್ತರ ದಶಕದ ಮಧ್ಯದ ಮಾತು. ನಾನಾಗ ಮೀಸೆ ಬಂದ ಗಂಡಸು, ಮದುವೆಯೂ ಆಗಿತ್ತು.

ಸತ್ತಾರ್ ಸಾಬರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಯುದ್ಧದ ಕಾಲದಲ್ಲಿ ಮಿಲಿಟರಿ ಗಾಡಿಗಳ ರಿಪೇರಿ ಕಲಿತು ಬಂದವರು. ಎತ್ತರದ ಆಳು, ಮಾತು ಕಡಿಮೆ. ಸಿಟ್ಟು ಬಂದರೆ ಬೈಯುತ್ತಿರಲಿಲ್ಲ, ನಮ್ಮ ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ತೆಗೆದುಕೊಂಡು ಗೋಡೆಗೆ ನೇತು ಹಾಕಿಬಿಡುತ್ತಿದ್ದರು. ಅವತ್ತಿನ ಮಟ್ಟಿಗೆ ಆ ಕೆಲಸ ನಮ್ಮದಲ್ಲ ಎಂದು ಅರ್ಥ. ನನ್ನ ಸ್ಪ್ಯಾನರು ಮೊದಲ ವರ್ಷ ಗೋಡೆಯ ಮೇಲೇ ಹೆಚ್ಚು ಇತ್ತು.

ಆಗೆಲ್ಲ ಯುದ್ಧದಲ್ಲಿ ಓಡಿದ್ದ ಹಳೇ ಗಾಡಿಗಳನ್ನು ಹರಾಜಿನಲ್ಲಿ ಹಿಡಿದು, ಹಿಂದಕ್ಕೆ ಮರದ ತೊಟ್ಟಿ ಕೂರಿಸಿ, ಪಿಕಪ್ ವ್ಯಾನು ಮಾಡಿಕೊಂಡು ಓಡಿಸುವವರು ನಮ್ಮ ಕಡೆ ಬಹಳ. ಕಮಾನುಗಳು ಹಳತಾಗಿ ಜೋತುಬಿದ್ದಿರುತ್ತಿದ್ದವು. ಹೊಸ ಕಮಾನು ತರಿಸಬೇಕೆಂದರೆ ಬೆಂಗಳೂರಿಗೆ ಹೇಳಿ ಕಾಯಬೇಕು. ಅದಕ್ಕೆ ನಾವೇ ಪಟ್ಟಿಗಳನ್ನು ಬಿಚ್ಚಿ, ಇದ್ದಿಲಿನ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಹೊಸದಾಗಿ ಬಾಗಿಸಿ ಹೊಂಗೆ ಎಣ್ಣೆಯಲ್ಲಿ ಅದ್ದುತ್ತಿದ್ದೆವು. ಹದ ಸ್ವಲ್ಪ ಹೆಚ್ಚಾದರೆ ಪಟ್ಟಿ ಗಾಜಿನ ಹಾಗೆ ಮುರಿಯುತ್ತದೆ, ಕಡಿಮೆಯಾದರೆ ಮೊದಲ ಲೋಡಿಗೇ ಮತ್ತೆ ಜೋತುಬೀಳುತ್ತದೆ. ಕುಲುಮೆಯ ಕೆಲಸ ಮನೆಯಲ್ಲಿ ನೋಡಿ ಬೆಳೆದದ್ದರಿಂದ ಇದೊಂದರಲ್ಲಿ ನನಗೆ ಕೈ ಬೇಗ ಕೂತಿತು.

ಮೊದಲ ಸಲ ನಾನು ದಂಗಾಗಿ ನಿಂತದ್ದು ಪಾಂಡವಪುರದ ಕಡೆಯ ಒಬ್ಬ ಕಲ್ಲು ಕಂಟ್ರಾಕ್ಟರರ ಗಾಡಿಯ ವಿಷಯದಲ್ಲಿ. ಕುಂತಿಬೆಟ್ಟದ ಆಸುಪಾಸಿನಲ್ಲಿ ಅವರ ಕೆಲಸ. ದಾರಿಯಲ್ಲಿ ನೆಲದಿಂದ ಎದ್ದ ಬಂಡೆಯೊಂದಿದೆ, ಗಾಡಿಯ ತಳ ದಿನಾ ಅದಕ್ಕೆ ತಾಗುತ್ತದೆ, ಎತ್ತರ ಮಾಡಿಕೊಡಿ ಎಂದರು. ಉಸ್ತಾದ್ ಒಪ್ಪಿಕೊಂಡರು. ನಾವು ನಾಲ್ಕೂ ಕಡೆಯ ಕಮಾನು ಬಿಚ್ಚಿ, ಪಟ್ಟಿ ಸೇರಿಸಿ, ಬಾಗಿಸಿ ಕೂರಿಸಿದೆವು. ಗಾಡಿ ಕುದುರೆಯ ಹಾಗೆ ತಲೆಯೆತ್ತಿ ನಿಂತಿತು. ಕಂಟ್ರಾಕ್ಟರರು ಸಂತೋಷದಿಂದ ಓಡಿಸಿಕೊಂಡು ಹೋದರು. ಮಾರನೆಯ ದಿನವೇ ಅದನ್ನು ಇನ್ನೊಂದು ಲಾರಿಗೆ ಕಟ್ಟಿ ಎಳೆದು ತಂದರು. ಹಿಂದಿನ ಎರಡು ಚಕ್ರಗಳ ನಡುವೆ ಗಡಿಗೆಯಂಥ ಒಂದು ಗುಂಡು ಇರುತ್ತದಲ್ಲ, ಇಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ಹಂಚುವ ಗಿಯರುಗಳಿರುವ ಡಿಫ್ರೆನ್ಶಲ್ಲು, ಅದು ಸೀಳಿ ಎಣ್ಣೆಯೆಲ್ಲ ಸುರಿದುಹೋಗಿತ್ತು. ಅದೇ ಬಂಡೆಗೆ ತಾಗಿದ್ದು. ಎತ್ತರ ಮಾಡಿದ್ದಾರೆ ಎಂಬ ಧೈರ್ಯದಲ್ಲಿ ಅವರು ಈ ಸಲ ನಿಧಾನ ಮಾಡಿರಲಿಲ್ಲ.

ನೀವು ಏನನ್ನು ಎತ್ತರ ಮಾಡಿದ್ದೀರಿ ಎಂದು ಅವರು ಕೇಳಿದರು. ಉಸ್ತಾದ್ ಗಾಡಿಯ ಕೆಳಗೆ ತೂರಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಅಷ್ಟು ವರ್ಷ ಕೆಲಸ ಮಾಡಿದವರಿಗೆ ಅದು ಅವತ್ತು ಹೊಳೆದಿತ್ತು. ಕಮಾನು ಏರಿಸಿದರೆ ಕಮಾನಿನ ಮೇಲಿರುವುದೆಲ್ಲ ಏರುತ್ತದೆ. ಗಾಡಿಯ ಚೌಕಟ್ಟಾದ ಛಾಸಿ, ಟ್ಯಾಂಕು, ತೊಟ್ಟಿ ಎಲ್ಲ. ಆದರೆ ಆ ಗುಂಡು ಕಮಾನಿನ ಕೆಳಗೆ, ಚಕ್ರಗಳ ಜೊತೆಗೆ ಇರುವಂಥದ್ದು. ಅದು ಒಂದು ಕೂದಲೆಳೆಯಷ್ಟೂ ಏರುವುದಿಲ್ಲ. ಅದನ್ನು ಏರಿಸಬೇಕೆಂದರೆ ಚಕ್ರವನ್ನೇ ದೊಡ್ಡದು ಮಾಡಬೇಕು. ಮಿಲಿಟರಿಯಲ್ಲಿ ಹೇಳಿಕೊಟ್ಟ ಕೆಲಸ ಮಾಡಿದ್ದರೇ ಹೊರತು, ಏನು ತಾಗುತ್ತಿದೆ ಎಂದು ಅವರೂ ಕೇಳಿರಲಿಲ್ಲ, ಹೊಸಬನಾದ ನನಗಂತೂ ತಿಳಿಯಲೇ ಇಲ್ಲ. ಆ ಗುಂಡನ್ನು ಉಸ್ತಾದ್ ತಮ್ಮ ಖರ್ಚಿನಲ್ಲೇ ಸರಿಮಾಡಿಕೊಟ್ಟರು.

ಅವತ್ತಿನಿಂದ ಯಾರೇ ಬಂದು ಎತ್ತರ ಮಾಡಿ ಎಂದರೂ ಮೊದಲು ಗಾಡಿಯ ಕೆಳಗೆ ಮಲಗಿ ಉಜ್ಜಿದ ಗುರುತು ಹುಡುಕುವುದು ನಮ್ಮ ಪದ್ಧತಿಯಾಯಿತು.

ಬೋರೇಗೌಡರು ನಮ್ಮಲ್ಲಿಗೆ ಬಂದದ್ದು ಅದಾಗಿ ಕೆಲವು ವರ್ಷಗಳ ಮೇಲೆ. ಕಿಕ್ಕೇರಿಯ ಹತ್ತಿರದ ಹಳ್ಳಿಯವರು. ಸುತ್ತಿನ ತೋಟಗಳ ತೆಂಗಿನಕಾಯಿ ಕೊಂಡು, ತಮ್ಮದೇ ಪಿಕಪ್ ವ್ಯಾನಿನಲ್ಲಿ ಕೃಷ್ಣರಾಜಪೇಟೆಗೂ ಪಾಂಡವಪುರಕ್ಕೂ ಸಾಗಿಸುತ್ತಿದ್ದರು. ತಾವೇ ಓಡಿಸುತ್ತಿದ್ದರು. ವ್ಯಾನು ಒಂದು ದಿನವೂ ನಿಂತಿದ್ದಿಲ್ಲ. ಹೋಗುವಾಗ ಕಾಯಿ, ಬರುವಾಗ ಯಾರದೋ ಗೊಬ್ಬರದ ಚೀಲ, ಯಾರದೋ ಮನೆಯ ಹೆಂಚು, ಜಾಗ ಉಳಿದರೆ ಜನ. ಅವರ ಜೊತೆಗೆ ಯಾವಾಗಲೂ ಚಿಕ್ಕಣ್ಣ ಎಂಬ ಆಳು ಇರುತ್ತಿದ್ದ. ನನ್ನ ವಯಸ್ಸಿನವನೇ. ಮರ ಹತ್ತಿ ಕಾಯಿ ಕೆಡವುವುದು, ತುಂಬುವುದು, ಇಳಿಸುವುದು ಎಲ್ಲ ಅವನದೇ. ದಾರಿಯುದ್ದಕ್ಕೂ ಕಾಯಿ ರಾಶಿಯ ಮೇಲೆ ಕೂತು ಬರುತ್ತಿದ್ದ. ವ್ಯಾನು ನಿಲ್ಲುವುದಕ್ಕೆ ಮೊದಲೇ ಹಾರಿ ಇಳಿಯುವ ಚುರುಕು ಅವನಿಗಿತ್ತು.

ಗೌಡರ ತೊಂದರೆ ಏನೆಂದರೆ, ಅವರ ಹಳ್ಳಿಯಿಂದ ಹೇಮಗಿರಿ ದಾರಿಗೆ ಸೇರುವ ತನಕ ಎತ್ತಿನ ಗಾಡಿಗಳ ಜಾಡು. ಚಕ್ರ ಹೋಗಿ ಹೋಗಿ ಎರಡು ಕಡೆ ಆಳವಾಗಿ, ನಡುವೆ ದಿಬ್ಬ ಎದ್ದಿತ್ತು. ಖಾಲಿ ವ್ಯಾನು ಹೇಗೋ ದಾಟುತ್ತಿತ್ತು. ಕಾಯಿ ತುಂಬಿದರೆ ಹಿಂದಿನ ಕಮಾನು ಕುಗ್ಗಿ ಪೆಟ್ರೋಲ್ ಟ್ಯಾಂಕು ದಿಬ್ಬಕ್ಕೆ ಉಜ್ಜುತ್ತಿತ್ತು. ನಾನು ಕೆಳಗೆ ಮಲಗಿ ನೋಡಿದೆ. ಟ್ಯಾಂಕಿನ ತಗಡು ತೆಳ್ಳಗಾಗಿ ಹೊಳೆಯುತ್ತಿತ್ತು. ಡಿಫ್ರೆನ್ಶಲ್ ಗುಂಡಿಗೆ ಏನೂ ಆಗಿರಲಿಲ್ಲ. ಅಂದರೆ ಕಮಾನಿನ ಕೆಲಸದಿಂದ ಇದು ಸರಿಹೋಗುವ ಕಾಯಿಲೆಯೇ.

ಉಸ್ತಾದ್ ಗೌಡರನ್ನು ಕೂರಿಸಿ, ನೆಲದ ಮೇಲೆ ಮೂರು ಸಾಮಾನು ತಂದಿಟ್ಟು ತೋರಿಸಿದರು. ಈಗ ಬರುವವರಿಗೆ ನಾನು ಹೇಳುವುದೂ ಅದನ್ನೇ. ಮೊದಲನೆಯದು ಶ್ಯಾಕಲ್ಲು, ಅಂದರೆ ಕಮಾನಿನ ಒಂದು ತುದಿಯನ್ನು ಛಾಸಿಗೆ ನೇತುಹಾಕುವ ಎರಡು ಕಬ್ಬಿಣದ ಪಟ್ಟಿ. ಉದ್ದ ಹಾಕಿದರೆ ಗಾಡಿ ಏರುತ್ತದೆ, ಕೆಲಸ ಬೇಗ ಮುಗಿಯುತ್ತದೆ, ಆದರೆ ಲೋಡು ಬಿದ್ದಾಗ ಗಾಡಿ ಅಡ್ಡಡ್ಡ ಓಲಾಡುತ್ತದೆ. ಎರಡನೆಯದು ಬ್ಲಾಕು, ಕಮಾನಿಗೂ ಚಕ್ರಗಳನ್ನು ಸೇರಿಸುವ ಆಕ್ಸಲ್ಲಿಗೂ ನಡುವೆ ಇಡುವ ಕಬ್ಬಿಣದ ತುಂಡು. ಹಿಂದಿನ ಚಕ್ರಕ್ಕೆ ನಡೆಯುತ್ತದೆ. ಮುಂದಿನ ಚಕ್ರಕ್ಕೆ ಮಾತ್ರ ಇಡಲೇಬಾರದು, ಬ್ರೇಕು ಹಿಡಿದಾಗ ತಿರುಚಿಕೊಳ್ಳುತ್ತದೆ. ಆದರೆ ಜೋತುಬಿದ್ದ ಕಮಾನಿಗೆ ಬ್ಲಾಕು ಇಟ್ಟರೆ ಕಾಯಿಲೆ ಹಾಗೇ ಉಳಿದು ಗಾಡಿ ಮಾತ್ರ ಎತ್ತರವಾಗುತ್ತದೆ. ಮೂರನೆಯದು ಕಮಾನನ್ನೇ ಬಿಚ್ಚಿ ಹೊಸ ಪಟ್ಟಿ ಸೇರಿಸಿ ಬಾಗಿಸುವುದು. ದಿನಾ ಲೋಡು ಹೊರುವ ಗಾಡಿಗೆ ಇದೇ ಸರಿ. ಜೊತೆಗೆ ಬ್ರೇಕಿನ ರಬ್ಬರ್ ಪೈಪನ್ನೂ ಉದ್ದದ್ದು ಹಾಕಬೇಕು, ಇಲ್ಲವಾದರೆ ಚಕ್ರ ಹಳ್ಳಕ್ಕೆ ಇಳಿದಾಗ ಅದು ಎಳೆದು ಹರಿಯುತ್ತದೆ.

ಇದಕ್ಕೆಲ್ಲ ವ್ಯಾನನ್ನು ಒಂದು ವಾರವಾದರೂ ಇಲ್ಲೇ ಬಿಡಬೇಕು ಎಂದರು ಉಸ್ತಾದ್. ಗೌಡರು ಸುತರಾಂ ಒಪ್ಪಲಿಲ್ಲ. ಕಾಯಿ ಕೆಡವಿ ರಾಶಿ ಹಾಕಿಸಿದ್ದೇನೆ, ವ್ಯಾನು ನಿಂತರೆ ಬೇರೆಯವರು ಬಂದು ತೋಟ ಹಿಡಿಯುತ್ತಾರೆ ಎಂದರು. ಹೋಗಲಿ, ಹಿಂದುಗಡೆ ಬ್ಲಾಕನ್ನಾದರೂ ಇಟ್ಟುಕೊಡಿ ಎಂದು ಕೇಳಿದರು. ಅವರ ವ್ಯಾನಿಗೆ ಹೊಂದುವ ಬ್ಲಾಕು ನಮ್ಮಲ್ಲಿರಲಿಲ್ಲ. ಎರಕ ಹೊಯ್ಯಿಸಬೇಕು, ಅದಕ್ಕೂ ದಿನ ಹಿಡಿಯುತ್ತದೆ ಎಂದರು ಉಸ್ತಾದ್. ಆಯ್ತು ನೋಡ್ತೀನಿ ಎಂದು ಗೌಡರು ವ್ಯಾನು ಹತ್ತಿದರು.

ಆಮೇಲೆ ಸುಮಾರು ದಿನ ಅವರು ಈ ಕಡೆ ಕಾಣಲಿಲ್ಲ. ಒಮ್ಮೆ ಪಾಂಡವಪುರದ ಸಂತೆಯ ಹತ್ತಿರ ಆ ವ್ಯಾನು ಹಾದುಹೋದದ್ದನ್ನು ನಾನೇ ನೋಡಿದೆ. ಹಿಂಭಾಗ ಎತ್ತರವಾಗಿತ್ತು. ಯಾರ ಹತ್ತಿರವೋ ಮಾಡಿಸಿಕೊಂಡಿದ್ದಾರೆ ಎಂದುಕೊಂಡೆ. ಉಸ್ತಾದರಿಗೆ ಹೇಳಿದಾಗ, ಒಳ್ಳೇದಾಯ್ತು ಬಿಡು ಎಂದರು.

ಒಂದು ಬೆಳಿಗ್ಗೆ ಕೃಷ್ಣರಾಜಪೇಟೆಯ ಬಸ್ಸಿನ ಕಂಡಕ್ಟರು ಗ್ಯಾರೇಜಿಗೆ ಬಂದು, ಬೋರೇಗೌಡರ ವ್ಯಾನು ಹೇಮಗಿರಿ ಇಳಿಜಾರಿನಲ್ಲಿ ಮುರಿದು ಬಿದ್ದಿದೆ, ಚಿಕ್ಕಣ್ಣ ಕಾಯಿ ರಾಶಿಯ ಸಮೇತ ಕೆಳಗೆ ಬಿದ್ದು ವ್ಯಾನಿನ ಅಡಿಗೆ ಸಿಕ್ಕಿಕೊಂಡನಂತೆ, ಆಸ್ಪತ್ರೆಗೆ ಹಾಕಿದ್ದಾರೆ, ಗೌಡರು ನಿಮ್ಮನ್ನು ಬರಹೇಳಿದ್ದಾರೆ ಎಂದು ಸುದ್ದಿ ಕೊಟ್ಟ. ಉಸ್ತಾದರೂ ನಾನೂ ಜಾಕು, ಸ್ಪ್ಯಾನರು ಚೀಲಕ್ಕೆ ತುಂಬಿಕೊಂಡು ಅದೇ ಬಸ್ಸು ಹತ್ತಿದೆವು.

ಹೋಗಿ ನೋಡಿದರೆ ವ್ಯಾನು ದಾರಿಯ ಅಂಚಿನಲ್ಲಿ ಒಂದು ಮಗ್ಗುಲಿಗೆ ಕೂತಿತ್ತು. ಹಿಂದಿನ ಎಡ ಚಕ್ರ ತನ್ನ ಜಾಗ ಬಿಟ್ಟು ಹಿಂದಕ್ಕೆ ಸರಿದು ತೊಟ್ಟಿಗೆ ಒತ್ತಿಕೊಂಡಿತ್ತು. ಇಂಜಿನ್ನಿನಿಂದ ಹಿಂದಕ್ಕೆ ಬರುವ ಉದ್ದನೆಯ ಶಾಫ್ಟು ಕಳಚಿ ನೆಲಕ್ಕೆ ನಾಟಿತ್ತು. ಪಕ್ಕದ ರಾಗಿ ಹೊಲದ ತುಂಬ ತೆಂಗಿನಕಾಯಿ. ಗೌಡರು ಒಂದು ಕಲ್ಲಿನ ಮೇಲೆ ಕೂತಿದ್ದರು. ನಮ್ಮನ್ನು ನೋಡಿದರೂ ಏಳಲಿಲ್ಲ. ಅವರ ಪಂಚೆಯ ಮೇಲೆ ರಕ್ತ ಒಣಗಿತ್ತು. ಅದು ಅವರದಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಜಾಕು ಕೊಟ್ಟು ವ್ಯಾನನ್ನು ಎತ್ತಿದೆವು. ಕಮಾನಿಗೂ ಆಕ್ಸಲ್ಲಿಗೂ ನಡುವೆ ಬ್ಲಾಕು ಇತ್ತು. ಕಪ್ಪಗಿತ್ತು, ಎಡಗಡೆಯದು ಎರಡು ಹೋಳಾಗಿತ್ತು. ಕಬ್ಬಿಣ ಹೀಗೆ ಸೀಳುವುದಿಲ್ಲವಲ್ಲ ಎಂದುಕೊಂಡು ನಾನು ಕೈಹಾಕಿ ಒಂದು ಹೋಳನ್ನು ತೆಗೆದೆ. ಹಗುರವಾಗಿತ್ತು. ಆ ಹಗುರವನ್ನು ನನ್ನ ಕೈ ನಂಬಲಿಲ್ಲ. ಉಸ್ತಾದ್ ಅದನ್ನು ತೆಗೆದುಕೊಂಡು ಚಾಕುವಿನಿಂದ ಕೆರೆದರು. ಮೇಲಿನ ಡಾಂಬರು ಎದ್ದು ಒಳಗೆ ಹಳದಿ ಬಣ್ಣ ಕಂಡಿತು.

"ಲಕ್ಡೀ," ಎಂದರು. ಆಮೇಲೆ ನನಗೆ ತಿಳಿಯಲಿಲ್ಲವೇನೋ ಎಂಬಂತೆ, "ಮರ ಬೇಟಾ ಇದು. ಹಲಸಿನ ಮರ," ಎಂದರು.

ನಾನು ಬೆಚ್ಚಿದ್ದು ಅದಕ್ಕಲ್ಲ. ಅವರು ಕೆರೆದ ಜಾಗದ ಪಕ್ಕದಲ್ಲಿ ಉಳಿಯಿಂದ ಹೊಡೆದ ಎರಡು ಸಣ್ಣ ಗೀರುಗಳು ಕಂಡವು, ಒಂದು ಉದ್ದ, ಒಂದು ಗಿಡ್ಡ. ಮರದ ಯಾವ ಮುಖ ಮೇಲಕ್ಕೆ ಬರಬೇಕು ಎಂದು ತಿಳಿಸಲು ಹಾಗೆ ಗೀರು ಹಾಕುವವರನ್ನು ನಾನು ಒಬ್ಬರನ್ನೇ ಕಂಡಿದ್ದೆ. ಹುಟ್ಟಿದಾಗಿನಿಂದ ಆ ಗೀರುಗಳನ್ನು ನೋಡಿಕೊಂಡು ಬೆಳೆದಿದ್ದೆ. ಅದು ನನ್ನ ಅಪ್ಪನ ಕೈಕೆಲಸ.

ಇದನ್ನು ಯಾರು ಮಾಡಿಕೊಟ್ಟರು ಎಂದು ಉಸ್ತಾದ್ ಗೌಡರನ್ನು ಕೇಳಿದರು. ಗೌಡರು ಹೋಳನ್ನು ನೋಡಿ ಮುಖ ತಿರುಗಿಸಿಕೊಂಡರು. ಉಸ್ತಾದ್ ನನ್ನ ಕಡೆ ನೋಡಿದರು. ನನ್ನ ಮುಖ ಹೇಗಾಗಿತ್ತೋ ಏನೋ, ನೀರು ಕುಡಿ ಹೋಗು ಎಂದರು. ಇದು ಅಪ್ಪನ ಗೀರು ಎಂದು ನಾನು ಅಲ್ಲೇ ಅವರಿಗೆ ಹೇಳಿಬಿಟ್ಟೆ. ಉಸ್ತಾದ್ ಆ ಹೋಳನ್ನು ನನ್ನ ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು. ಮೊದಲು ಅಪ್ಪನನ್ನು ಕೇಳು, ಆಮೇಲೆ ಏನಾದರೂ ಅಂದುಕೋ ಎಂದರು.

ನಾಗಮಂಗಲದ ಬಸ್ಸಿನಲ್ಲಿ ಕೂತಿದ್ದಾಗ ಆ ಹೋಳು ನನ್ನ ತೊಡೆಯ ಮೇಲೆ ಇತ್ತು. ಅಪ್ಪನಿಗೆ ಕೆಲಸ ಕಡಿಮೆಯಾಗಿದೆ, ಅದಕ್ಕೇ ತಿಳಿಯದ ಕೆಲಸಕ್ಕೆ ಕೈಹಾಕಿದ್ದಾರೆ ಎಂದು ಒಂದು ಸಲ ಅನ್ನಿಸುತ್ತಿತ್ತು. ಮರದ ಗುಣ ಅಷ್ಟು ತಿಳಿದವರು ಹೀಗೆ ಮಾಡುವುದುಂಟೆ ಎಂದು ಇನ್ನೊಂದು ಸಲ ಅನ್ನಿಸುತ್ತಿತ್ತು. ಚಿಕ್ಕಣ್ಣ ಬದುಕಿದ್ದಾನೋ ಇಲ್ಲವೋ ಅದೂ ನನಗೆ ಗೊತ್ತಿರಲಿಲ್ಲ.

ಅಪ್ಪ ಚಪ್ಪರದಲ್ಲಿ ನೇಗಿಲು ಕೆತ್ತುತ್ತಾ ಕೂತಿದ್ದರು. ನಾನು ಟವೆಲ್ಲು ಬಿಚ್ಚಿ ಹೋಳನ್ನು ಮುಂದೆ ಇಟ್ಟೆ. ಅವರು ಅದನ್ನು ಎತ್ತಿ ತಿರುಗಿಸಿ ನೋಡಿದರು, ಡಾಂಬರನ್ನು ಉಗುರಿನಿಂದ ಕೆರೆದರು, ಬೋಲ್ಟು ಒತ್ತಿ ತಗ್ಗಾಗಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು.

"ಇದು ಗಾಡಿಯೊಳಗೆ ಇತ್ತಾ?" ಎಂದು ಕೇಳಿದರು.

ಇತ್ತು ಎಂದೆ. ಅದು ಸೀಳಿದ್ದು, ವ್ಯಾನು ಮುರಿದದ್ದು, ಚಿಕ್ಕಣ್ಣ ಅಡಿಗೆ ಸಿಕ್ಕಿದ್ದು ಎಲ್ಲ ಹೇಳಿದೆ. ಅಪ್ಪ ಹೋಳಿನ ಅಂಚನ್ನು ನನಗೆ ಕಾಣುವಂತೆ ಹಿಡಿದರು.

"ಇದು ಮಾದರಿ ಕಣ್ಲಾ," ಎಂದರು. "ಎರಕಕ್ಕೆ ಕೊಟ್ಟ ಮಾದರಿ. ನೋಡು, ಮ್ಯಾಲೆ ಅಗಲ, ಕೆಳೀಕೆ ಸಣ್ಣ. ಮರಳಿಂದ ಈಚೆಗೆ ಎತ್ತಾಕೆ ಅಂಗೆ ಮಾಡದು. ಭಾರಕ್ಕೆ ಅಂದಿದ್ರೆ ನಾನು ಹಲಸು ಹಾಕ್ತಿದ್ನಾ? ಜಾಲಿಮರ ಮನೇಲಿ ಇರ್ಲಿಲ್ವಾ?"

ಆಗ ನನಗೆ ಕಣ್ಣು ಬಿಟ್ಟಿತು. ಗೌಡರು ನಮ್ಮಲ್ಲಿಂದ ಹೋದವರು ನಾಗಮಂಗಲಕ್ಕೆ ಬಂದು, ಕಬ್ಬಿಣದ ಬ್ಲಾಕು ಎರಕ ಹೊಯ್ಯಿಸಲು ಮಾದರಿ ಬೇಕೆಂದು ಅಪ್ಪನಿಂದ ಕೆತ್ತಿಸಿಕೊಂಡಿದ್ದರು. ಎರಕದವರಿಗೆ ತಾವೇ ತಲುಪಿಸುತ್ತೇನೆ ಎಂದು ತೆಗೆದುಕೊಂಡು ಹೋಗಿದ್ದರು. ಎರಡು ಬ್ಲಾಕಿಗೆ ಒಂದು ಮಾದರಿ ಸಾಕು ಎಂದು ಅಪ್ಪ ಹೇಳಿದ್ದರಂತೆ. ಇರಲಿ, ಎರಡು ಮಾಡಿಕೊಡಿ, ಬೇಗ ಆಗುತ್ತದೆ ಎಂದಿದ್ದರಂತೆ ಗೌಡರು. ಎರಡು ಚಕ್ರಕ್ಕೂ ಮರವನ್ನೇ ಕೂರಿಸಲು ಎರಡು ಕೇಳಿರಬೇಕು ಎಂದು ಅಪ್ಪನಿಗೂ ಅದನ್ನು ಹೇಳುವಾಗಲೇ ಹೊಳೆಯಿತು.

ನನ್ನನ್ನು ಆ ಮನುಷ್ಯನ ಹತ್ತಿರ ಕರೆದುಕೊಂಡು ಹೋಗು ಎಂದು ಅಪ್ಪ ಎದ್ದರು. ಗೌಡರ ಹತ್ತಿರವೇ ಎಂದು ಕೇಳಿದೆ. ಅಲ್ಲ, ಏಟು ತಿಂದವನ ಹತ್ತಿರ ಎಂದರು.

ಚಿಕ್ಕಣ್ಣ ಕೃಷ್ಣರಾಜಪೇಟೆಯ ಆಸ್ಪತ್ರೆಯಲ್ಲಿದ್ದ. ಜೀವಕ್ಕೆ ಅಪಾಯವಿಲ್ಲ ಎಂದು ಬಾಗಿಲಲ್ಲೇ ಹೇಳಿದರು. ಒಳಗೆ ಹೋದಾಗ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಹೊದಿಕೆ. ಒಂದು ಕಡೆ ಅದು ಮಂಚದ ತುದಿಯ ತನಕ ಉಬ್ಬಿತ್ತು, ಇನ್ನೊಂದು ಕಡೆ ಮಂಡಿಯ ಹತ್ತಿರ ಸಪಾಟಾಗಿ ಬಿದ್ದಿತ್ತು. ಬಲಗಾಲನ್ನು ತೆಗೆದಿದ್ದರು. ಅವನು ನಮ್ಮನ್ನು ಕಂಡು ಎಂದಿನಂತೆ ನಗಲು ನೋಡಿದ. ಗೌಡರು ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು. ಊಟ ಬಿಟ್ಟಿದ್ದಾರೆ ಎಂದು ಪಕ್ಕದ ಮಂಚದವರು ಹೇಳಿದರು.

ಅಪ್ಪ ಗೌಡರ ಎದುರಿಗೆ ಹೋಗಿ ನಿಂತರು. ದನಿ ಏರಿಸಲಿಲ್ಲ.

"ಎರಕದ ಮಾದರಿ ಅಂತ ನಾನು ಹೇಳಿದ್ನಾ, ಇಲ್ವಾ?"

"ಹೇಳಿದ್ರಿ," ಎಂದರು ಗೌಡರು.

ಅಷ್ಟೇ ಸಾಕಾಗಿತ್ತೇನೋ, ಆದರೆ ಗೌಡರು ನಿಲ್ಲಿಸಲಿಲ್ಲ. ಎರಕದವರು ತಡವಾಗುತ್ತದೆ ಎಂದರಂತೆ. ಅಲ್ಲಿಯ ತನಕ ಇದನ್ನೇ ಹಾಕಿಕೊಳ್ಳೋಣ, ವಾರದ ಮಟ್ಟಿಗೆ ತಾನೇ ಎಂದು ಮನೆಯ ಮುಂದೆಯೇ ಜಾಕು ಕೊಟ್ಟು ಕೂರಿಸಿದರಂತೆ. ಮರವೆಂದು ಕಾಣದಿರಲಿ ಎಂದು ಡಾಂಬರು ಬಳಿದರಂತೆ. ಕೂರಿಸಿದ ಮೇಲೆ ವ್ಯಾನು ಚೆನ್ನಾಗಿಯೇ ಓಡಿತು. ಟ್ಯಾಂಕು ಉಜ್ಜುವುದು ನಿಂತಿತು. ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು, ಎರಕದವರ ಮನೆಯ ಮುಂದೆಯೇ ಹಾದುಹೋಗುತ್ತಿದ್ದರೂ ಗೌಡರು ಇಳಿಯಲಿಲ್ಲ.

ಇದನ್ನೆಲ್ಲ ಕೇಳುತ್ತಾ ನಾನು ಚಿಕ್ಕಣ್ಣನ ಮುಖ ನೋಡುತ್ತಿದ್ದೆ. ಅವನಿಗೆ ಈಗ ಸಿಟ್ಟು ಬರುತ್ತದೆ, ಕೂಗುತ್ತಾನೆ ಎಂದುಕೊಂಡಿದ್ದೆ. ಅವನು ಮೇಲಿನ ಹೆಂಚು ನೋಡುತ್ತಾ ಮಲಗಿದ್ದ.

"ಜಾಕು ಕೊಟ್ಟೋನು ನಾನೇಯ ಆಚಾರ್ರೇ," ಎಂದ. "ಮರ ಅಲ್ವಾ ಗೌಡ್ರೇ ಅಂದೆ. ನಾಕು ದಿನಕ್ಕೆ ಕಣ್ಲಾ ಅಂದ್ರು. ಆಮೇಕೆ ನಾನೂ ಮರ್ತ್ಬುಟ್ಟೆ. ದಿನಾ ಅದ್ರ ಮ್ಯಾಲೇ ಕುಂತಿದ್ನಲ್ಲ, ನಾನೇ ಮರ್ತ್ಬುಟ್ಟೆ."

ಅವತ್ತು ಕೇಳಿದ ಮಾತುಗಳಲ್ಲಿ ನನ್ನನ್ನು ಇವತ್ತಿಗೂ ಬಿಡದಿರುವುದು ಇದು. ತಿಳಿಯದೆ ಆದ ಅಪಘಾತಗಳನ್ನು ಆಮೇಲೆ ನಾನು ಎಷ್ಟೋ ಕಂಡೆ. ಇದು ಹಾಗಲ್ಲ. ಓಡಿಸುವವರಿಗೂ ಗೊತ್ತಿತ್ತು, ಮೇಲೆ ಕೂತವನಿಗೂ ಗೊತ್ತಿತ್ತು. ಗಾಡಿ ದಿನಾ ಓಡುತ್ತಿತ್ತು ಎಂಬ ಒಂದೇ ಕಾರಣಕ್ಕೆ ಇಬ್ಬರಿಗೂ ಅದು ಮರೆತುಹೋಗಿತ್ತು.

ಅಪ್ಪ ಮಂಚದ ಅಂಚಿನಲ್ಲಿ ಕೂತು ಚಿಕ್ಕಣ್ಣನ ಕೈ ಹಿಡಿದುಕೊಂಡರು. ಊರಿಗೆ ಹೋದ ಮೇಲೆ ಅವರು ಮಾದರಿಗಳನ್ನು ಗಿರಾಕಿಯ ಕೈಗೆ ಕೊಡುವುದನ್ನು ಬಿಟ್ಟರು. ತಾವೇ ಹೊತ್ತುಕೊಂಡು ಹೋಗಿ ಎರಕದವರ ಮುಂದೆ ಇಟ್ಟು ಬರುತ್ತಿದ್ದರು. ಉಸ್ತಾದರ ಗ್ಯಾರೇಜಿನಲ್ಲೂ ಒಂದು ಬದಲಾವಣೆಯಾಯಿತು. ಕಮಾನಿನ ಕೆಲಸ ಮುಗಿದ ಮೇಲೆ ಬಣ್ಣ ಬಳಿಯುವುದಕ್ಕೆ ಮೊದಲು ಗಿರಾಕಿಯನ್ನು ಗಾಡಿಯ ಕೆಳಗೆ ಮಲಗಿಸಿ, ಒಂದೊಂದು ಸಾಮಾನನ್ನೂ ಅವನ ಕೈಯಿಂದಲೇ ಮುಟ್ಟಿಸುತ್ತಿದ್ದರು. ಬಿಳಿ ಪಂಚೆಯವರು ಮುಖ ಸಿಂಡರಿಸುತ್ತಿದ್ದರು. ಉಸ್ತಾದ್ ಬಿಡುತ್ತಿರಲಿಲ್ಲ. ಬೆಂಗಳೂರಿನಿಂದ ಸಿದ್ಧ ಕಮಾನು, ಸಿದ್ಧ ಬ್ಲಾಕು ಬರತೊಡಗಿ ಕುಲುಮೆ ಆರಿಹೋದ ಎಪ್ಪತ್ತರ ದಶಕದಲ್ಲೂ ಆ ಪದ್ಧತಿ ನಿಲ್ಲಲಿಲ್ಲ.

ಗೌಡರ ವ್ಯಾನನ್ನು ಶ್ರೀರಂಗಪಟ್ಟಣಕ್ಕೆ ಎಳೆಸಿಕೊಂಡು ಬಂದೆವು. ಗೌಡರು ಅದನ್ನು ಮಾರಿಬಿಡುತ್ತೇನೆ ಎಂದು ಕೂತಿದ್ದರು. ಬೇಡವೆಂದವನು ಚಿಕ್ಕಣ್ಣ. ಮರ ಹತ್ತುವುದಂತೂ ಹೋಯಿತು, ವ್ಯಾನೂ ಹೋದರೆ ನಾನು ಮನೆಯಲ್ಲಿ ಕೂತು ಏನು ಮಾಡಲಿ, ಪೇಟೆಯಲ್ಲಿ ಕಾಯಿ ಎಣಿಸಿ ಕೊಡುವ ಕೆಲಸ ನನಗೆ ಬರುತ್ತದೆ ಎಂದನಂತೆ. ಈ ಸಲ ಗೌಡರು ಎಷ್ಟು ದಿನ ಎಂದು ಕೇಳಲಿಲ್ಲ. ನಾವು ಹಿಂದಿನ ಕಮಾನುಗಳನ್ನು ಪೂರ್ತಿ ಬಿಚ್ಚಿ, ಬಳಲಿದ ಪಟ್ಟಿಗಳನ್ನು ಎಸೆದು, ಹೊಸ ಪಟ್ಟಿ ಬಾಗಿಸಿ ಹದ ಹಾಕಿದೆವು. ಕಮಾನನ್ನು ಆಕ್ಸಲ್ಲಿಗೆ ಬಿಗಿಯುವ ಹೊಸ ಯು-ಬೋಲ್ಟು, ಉದ್ದದ ಬ್ರೇಕ್ ಪೈಪು, ಹೊಸ ಶಾಫ್ಟು.

ಕೊನೆಗೆ ಉಳಿದದ್ದು ಎತ್ತರದ ಪ್ರಶ್ನೆ. ಟ್ಯಾಂಕು ದಿಬ್ಬಕ್ಕೆ ತಾಗದಿರಬೇಕೆಂದರೆ ಹಿಂಭಾಗ ಚೆನ್ನಾಗಿಯೇ ಏರಬೇಕಿತ್ತು. ಉಸ್ತಾದ್ ಹಾಗೆಯೇ ಲೆಕ್ಕ ಹಾಕಿ ಕಮಾನು ಕಟ್ಟಿಸಿದ್ದರು. ಎಷ್ಟು ಇರಲಿ ಹೇಳಿ ಎಂದು ಗೌಡರನ್ನು ಕರೆದರು. ಗೌಡರು ನನ್ನನ್ನು ಕೇಳಬೇಡಿ, ಅವನನ್ನು ಕೇಳಿ ಎಂದು ಚಿಕ್ಕಣ್ಣನ ಕಡೆ ಕೈ ತೋರಿಸಿದರು.

ಚಿಕ್ಕಣ್ಣ ಕಂಕುಳಿಗೆ ಊರುಗೋಲು ಕೊಟ್ಟುಕೊಂಡು ಬಂದಿದ್ದ. ಮೊದಲು ಊರುಗೋಲನ್ನು ಕೆಳಗಿಟ್ಟು, ನೆಲಕ್ಕೆ ಕೂತು, ತೆವಳಿಕೊಂಡು ವ್ಯಾನಿನ ಅಡಿಗೆ ಹೋದ. ಯಾರೂ ಹೇಳಿರಲಿಲ್ಲ. ಎರಡೂ ಕಡೆ ಕಮಾನನ್ನು, ಬೋಲ್ಟನ್ನು ಮುಟ್ಟಿ ನೋಡಿ ಹೊರಗೆ ಬಂದ. ಎದ್ದು ನಿಂತು, ಹಿಂದಿನ ಹಲಗೆಯ ಮೇಲೆ ಅಂಗೈ ಊರಿ ಮೇಲೆ ಹತ್ತಲು ನೋಡಿದ. ಆಗಲಿಲ್ಲ. ಇನ್ನೊಮ್ಮೆ ನೋಡಿದ. ಹಲಗೆ ಅವನ ಸೊಂಟಕ್ಕಿಂತ ನಾಲ್ಕು ಬೆರಳು ಮೇಲಿತ್ತು. ಗೌಡರು ಎತ್ತಿ ಕೂರಿಸಲು ಮುಂದೆ ಬಂದರು. ಬ್ಯಾಡಿ ಎಂದ ಚಿಕ್ಕಣ್ಣ.

"ದಿನಾ ಯಾರಾರ ಎತ್ತಬೇಕು ಅಂದ್ರೆ ನಾನು ಬರಾಕಿಲ್ಲ," ಎಂದ ಉಸ್ತಾದರಿಗೆ. "ಇಳ್ಸಿ ಸಾಬ್ರೇ."

ಉಸ್ತಾದ್ ಗೌಡರ ಮುಖ ನೋಡಿದರು. ಇಳಿಸಿದರೆ ಟ್ಯಾಂಕು ದಿಬ್ಬಕ್ಕೆ ತಾಗುತ್ತದೆ. ದಿಬ್ಬದ ಚಿಂತೆ ನನಗೆ ಬಿಡಿ ಎಂದರು ಗೌಡರು. ನಾವು ಕಮಾನು ಬಿಚ್ಚಿ ಒಂದು ಪಟ್ಟಿ ತೆಗೆದು ಬಾಗು ಕಡಿಮೆ ಮಾಡಿ ಮತ್ತೆ ಕೂರಿಸಿದೆವು. ಅವನು ಮತ್ತೆ ಪ್ರಯತ್ನಿಸಿದ. ಇನ್ನೂ ಆಗಲಿಲ್ಲ. ಇನ್ನೊಮ್ಮೆ ಬಿಚ್ಚಿದೆವು. ಉಸ್ತಾದ್ ಹಣೆಯ ಬೆವರು ಒರೆಸಿಕೊಳ್ಳುವ ನೆಪದಲ್ಲಿ ಎರಡು ಸಲ ಆಚೆಗೆ ಹೋಗಿ ಬಂದರು.

ಗೌಡರು ಆಮೇಲೆ ಆ ಜಾಡಿನ ದಿಬ್ಬವನ್ನು ತಾವೇ ಗುದ್ದಲಿ ಹಿಡಿದು ಕಡಿದರೆಂದು ಕೇಳಿದೆ. ಮಳೆ ಬಂದು ಎತ್ತಿನ ಗಾಡಿಗಳು ಓಡಾಡಿದರೆ ದಿಬ್ಬ ಮತ್ತೆ ಏಳುತ್ತದೆ. ಎದ್ದಾಗಲೆಲ್ಲ ಹೋಗಿ ಕಡಿಯುತ್ತಿದ್ದರಂತೆ. ಆಳು ಕಳಿಸುತ್ತಿರಲಿಲ್ಲವಂತೆ.

ಅವತ್ತು ಮೂರನೆಯ ಸಲ ಕಮಾನು ಕೂರಿಸಿ ಜಾಕು ಇಳಿಸಿದಾಗ ಹಲಗೆ ಚಿಕ್ಕಣ್ಣನ ಸೊಂಟದ ಮಟ್ಟಕ್ಕೆ ಬಂತು. ಅವನು ಊರುಗೋಲನ್ನು ಒಳಗೆ ಎಸೆದು, ಹಲಗೆಗೆ ಬೆನ್ನು ಕೊಟ್ಟು, ಎರಡೂ ಅಂಗೈ ಊರಿ ಮೈಯನ್ನು ಮೇಲಕ್ಕೆ ಒತ್ತಿದ. ಕೂತ. ಉಳಿದ ಒಂದು ಕಾಲನ್ನು ಎತ್ತಿ ಒಳಕ್ಕೆ ಹಾಕಿಕೊಂಡು, ಕಾಯಿ ರಾಶಿಯ ಮೇಲೆ ಕೂರುತ್ತಿದ್ದ ಜಾಗಕ್ಕೆ ಸರಿದು, ತೊಟ್ಟಿಯ ಅಂಚನ್ನು ಹಿಡಿದುಕೊಂಡ.

"ಇಷ್ಟೇ ಇರ್ಲಿ," ಎಂದ.

ಉಸ್ತಾದ್ ಕೆಳಗೆ ಮಲಗಿ ನಟ್ಟುಗಳನ್ನು ಬಿಗಿ ಮಾಡತೊಡಗಿದರು.